ಜಾನುವಾರು ವೈರಸ್‌ಗಳು ಮತ್ತು ಹಟ್ಟಿಯ ನಾಯಿ

ದನ, ಎಮ್ಮೆ, ಕುರಿ, ಆಡು, ಹಂದಿ, ಕುದುರೆ, ಕೋಳಿಗಳಲ್ಲಿ ಬೀಡುಬಿಟ್ಟಿರುವ ವೈರಸ್‌ಗಳು ಅವುಗಳ ಬದಿಯಲ್ಲೇ ಬದುಕುವ ನಾಯಿಗೆ ದಾಟುವುದು ಪಶುವೈದ್ಯರಿಗೆ ನೂರು ವರ್ಷಕ್ಕೂ ಹಿಂದಿನಿಂದ ಗೊತ್ತಿದೆ. ಹೀಗೆ ದಾಟಿದ ವೈರಸ್ಸಿಗೆ ಮೂರು ಗತಿ. ಬಹಳ ಸಲ ಅದು ನಾಯಿಯ ರಕ್ತದಲ್ಲಿ ಪ್ರತಿಕಾಯಗಳ ಗುರುತನ್ನಷ್ಟೇ ಬಿಟ್ಟು ಸದ್ದಿಲ್ಲದೆ ಅಳಿದುಹೋಗುತ್ತದೆ. ಕೆಲವೊಮ್ಮೆ ಆ ಒಂದು ನಾಯಿಯನ್ನು ಕೆಡವಿ ಅದರ ಜೊತೆಗೇ ಮುಗಿಯುತ್ತದೆ. ತೀರ ಅಪರೂಪಕ್ಕೆ ನಾಯಿಯಿಂದ ನಾಯಿಗೆ ಹರಡುವುದನ್ನು ಕಲಿತು, ನಾಯಿಯದೇ ರೋಗವಾಗಿ ನೆಲೆಯೂರುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಇಲ್ಲದ ಭಯ ಹುಟ್ಟುತ್ತದೆ, ಇರುವ ಅಪಾಯ ಕಣ್ತಪ್ಪುತ್ತದೆ. ಈ ಲೇಖನ ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡಿದೆ. ಕುರಿ ಮತ್ತು ನಾಯಿ ಎರಡಕ್ಕೂ ಹೆಸರಾದ ನೆಲ ಅದು.

ಸೀಮೆ, ಕುರಿ, ನಾಯಿ

ಬಾಗಲಕೋಟೆ ಜಿಲ್ಲೆಯ ಈ ಭಾಗದಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಹರಿಯುತ್ತವೆ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಊರ ಹೆಸರಿನ ಕೊನೆಗಿರುವ ಹಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ದನಕುರಿಗಳ ದೊಡ್ಡಿ ಎಂದೂ ಜನವಸತಿ ಎಂದೂ ಎರಡು ಅರ್ಥವಿರುವುದು ಇಲ್ಲಿ ನೆನಪಾಗದೆ ಇರದು. ಕಾಲುವೆ ನೀರು ಬಂದಲ್ಲೆಲ್ಲ ಕಬ್ಬು ಎದ್ದಿದೆ, ಎಮ್ಮೆ ಕಟ್ಟುವ ಮನೆಗಳಿವೆ. ನೀರು ಬಾರದ ದಿನ್ನೆಗಳಲ್ಲಿ ಕುರಿಗಾರರು ದಖನಿ ಕುರಿಯ ಹಿಂಡುಗಳನ್ನು ಅಡ್ಡಾಡಿಸುತ್ತಾರೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವ ಪದ್ಧತಿ ಇನ್ನೂ ಇದೆ. ಹಿಂಡು ಹೊಲದಿಂದ ಹೊಲಕ್ಕೆ ಹೋದಂತೆ ನಾಯಿಯೂ ಹೋಗುತ್ತದೆ. ತೋಳದ ಕಾಟವಿರುವ ಬಯಲುಸೀಮೆಯಲ್ಲಿ ನಾಯಿ ಇಲ್ಲದ ಕುರಿಹಿಂಡು ಇರುವುದಿಲ್ಲ.

ಹೊರಗಿನವರಿಗೆ ಈ ಸೀಮೆಯ ನಾಯಿ ಎಂದರೆ ಮುಧೋಳ ನಾಯಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ. ವಾಸನೆಗಿಂತ ಕಣ್ಣನ್ನು ನಂಬಿ ಓಡುವ ಬೇಟೆ ನಾಯಿ. ಗಂಡಿನ ಎತ್ತರ 68ರಿಂದ 72 ಸೆಂ.ಮೀ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟದ್ದು ಮುಧೋಳದಲ್ಲಿ ಇಂದಿಗೂ ಹೇಳುವ ಕಥೆ. 2005ರ ಜನವರಿ 9ರಂದು ಅಂಚೆ ಇಲಾಖೆ ಭಾರತೀಯ ನಾಯಿ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅದರಲ್ಲಿ ಮುಧೋಳ ನಾಯಿಗೂ ಜಾಗ ಸಿಕ್ಕಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ.

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು ಅಂಚೆಚೀಟಿ ಏರಿದ ನಾಯಿಯಲ್ಲ. ಮಾರಾಟಕ್ಕೆಂದು ಸಾಕಿದ ಮುಧೋಳ ನಾಯಿ ಅಂಗಳದಲ್ಲಿ ಕಟ್ಟಿಸಿಕೊಂಡು ನುಚ್ಚು, ಹಾಲು, ಮೊಟ್ಟೆ ತಿನ್ನುತ್ತದೆ. ಅದಕ್ಕೆ ಕಾಲಕಾಲಕ್ಕೆ ಸೂಜಿಮದ್ದು ಬೀಳುತ್ತದೆ. ಕುರಿಹಿಂಡಿನ ನಾಯಿಯ ಬದುಕು ಬೇರೆ. ಅದು ಹೆಚ್ಚಾಗಿ ಬೆರಕೆ ತಳಿ. ಬೆಳಿಗ್ಗೆ ಸಿಕ್ಕುವ ರೊಟ್ಟಿಯ ತುಣುಕು ಬಿಟ್ಟರೆ ಉಳಿದ ಹೊಟ್ಟೆಯನ್ನು ಅದು ತಾನೇ ತುಂಬಿಸಿಕೊಳ್ಳಬೇಕು. ಕುರಿ ಈಯುವ ಕಾಲದಲ್ಲಿ ಬೀಳುವ ಮಾಸು, ಸತ್ತು ಹುಟ್ಟಿದ ಮರಿ, ಚರ್ಮ ಸುಲಿದು ಬಿಟ್ಟ ಕಳೇಬರ, ಸಂತೆಯ ದಿನ ಕಟುಕರ ಅಂಗಡಿಯ ಹಿಂದೆ ಬೀಳುವ ಕರುಳು, ಫಾರಂ ಕೋಳಿ ಸತ್ತಾಗ ಕಾಲುವೆಯ ದಂಡೆಗೆ ಎಸೆದ ರಾಶಿ ಎಲ್ಲವೂ ಅದರ ಊಟ. ಇವೆರಡರ ನಡುವೆ ಊರ ಬೀದಿನಾಯಿಗಳಿವೆ.

ದಾಟುವ ದಾರಿಗಳು

ವೈರಸ್ ಒಂದು ಜೀವಕೋಶದೊಳಗೆ ಹೋಗಬೇಕಾದರೆ ಆ ಕೋಶದ ಮೇಲಿರುವ ಗ್ರಾಹಕ ಎಂಬ ಅಣುವಿಗೆ ಅಂಟಬೇಕು. ಕುರಿಯ ಕೋಶದ ಗ್ರಾಹಕಕ್ಕೆ ಹೊಂದಿಕೊಂಡ ವೈರಸ್ಸಿಗೆ ನಾಯಿಯ ಗ್ರಾಹಕ ಹೊಂದದಿರುವುದೇ ಹೆಚ್ಚು. ಒಳಗೆ ಹೊಕ್ಕರೂ ಅಲ್ಲಿ ಮರಿ ಹಾಕಲು ಆಗದಿರಬಹುದು. ಮರಿ ಹಾಕಿದರೂ ಮೂಗಿನ ಸಿಂಬಳದಲ್ಲೋ ಮಲದಲ್ಲೋ ಸಾಕಷ್ಟು ಹೊರಬಂದು ಇನ್ನೊಂದು ನಾಯಿಯನ್ನು ಮುಟ್ಟದಿರಬಹುದು. ಈ ಮೂರು ಅಡ್ಡಿಗಳಿಂದಲೇ ಹಟ್ಟಿಯ ನಾಯಿ ದಿನವೂ ವೈರಸ್ಸಿನ ನಡುವೆ ಮಲಗಿದ್ದರೂ ಆರೋಗ್ಯವಾಗಿರುತ್ತದೆ. 2022ರಲ್ಲಿ ರಾಜ್ಯದ ಉದ್ದಗಲಕ್ಕೂ ಹಬ್ಬಿದ ಚರ್ಮಗಂಟು ರೋಗ ದನ-ಎಮ್ಮೆಗಳ ಪಾಲಿನದು, ಕುರಿ ಸಿಡುಬು ಕುರಿ-ಆಡುಗಳ ಪಾಲಿನದು. ನಾಯಿ ಅವೆರಡರ ಲೆಕ್ಕದಲ್ಲಿಲ್ಲ.

ಅಡ್ಡಿಯನ್ನು ಮೀರುವ ವೈರಸ್‌ಗಳು ಮುಖ್ಯವಾಗಿ ಬಾಯಿಯ ದಾರಿಯಲ್ಲಿ ಬರುತ್ತವೆ. ರಕ್ತ ಹೀರುವ ಕೀಟ ಎರಡನೆಯದು, ಉಸಿರು ಮೂರನೆಯದು. ಕಲುಷಿತ ಲಸಿಕೆ ಎಂಬ ನಾಲ್ಕನೆಯ ದಾರಿಯೂ ಒಂದುಂಟು, ಅದರ ಮಾತು ಮುಂದೆ ಬರುತ್ತದೆ.

ಬಾಯಿಯ ದಾರಿ ನಮ್ಮಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಅಗಲವಾಗಿದೆ. ಮೊದಲು ಊರ ಹೊರಗೆ ಬಿದ್ದ ದನದ ಹೆಣವನ್ನು ರಣಹದ್ದುಗಳು ಕೆಲವೇ ತಾಸಿನಲ್ಲಿ ಎಲುಬು ಮಾತ್ರ ಉಳಿಯುವಂತೆ ಮುಗಿಸುತ್ತಿದ್ದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ ಎಂದು 2004ರಲ್ಲಿ ತಿಳಿದುಬಂತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಲ್ಲವಾಗಿದ್ದವು. ಹದ್ದು ಬಿಟ್ಟ ಊಟ ನಾಯಿಯ ಪಾಲಾಯಿತು. ಇನ್ನೊಂದು ಬದಲಾವಣೆಯನ್ನು ಪಶುವೈದ್ಯದ ಪುಸ್ತಕಗಳು ಹೇಳುವುದಿಲ್ಲ. ಸತ್ತ ದನವನ್ನು ಎಳೆದು ಸುಲಿಯುವ ಕೆಲಸವನ್ನು ಜಾತಿಯ ಕಟ್ಟಳೆಯಿಂದ ಕೆಲವರ ಹೆಗಲ ಮೇಲೆ ಹೇರಲಾಗಿತ್ತು. ಅವರು ಆ ಬಿಟ್ಟಿ ಚಾಕರಿಯನ್ನು ಕಿತ್ತೊಗೆದದ್ದು ನ್ಯಾಯವೇ. ಅದರ ಬದಲಿಗೆ ಊರು ಒಂದು ಗುಂಡಿಯನ್ನಾದರೂ ತೋಡುವ ವ್ಯವಸ್ಥೆ ಮಾಡಿಕೊಳ್ಳಬೇಕಿತ್ತು. ಬಹುತೇಕ ಊರುಗಳು ಮಾಡಿಕೊಳ್ಳಲಿಲ್ಲ.

ನೀಲಿ ನಾಲಿಗೆ ರೋಗ

ಬಯಲುಸೀಮೆಯ ಹಟ್ಟಿ ನಾಯಿಯ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ವೈರಸ್ ಇದು. ಕುರಿಗೆ ಜ್ವರ ಬರುತ್ತದೆ, ತುಟಿ ಮೂತಿ ಬಾಯುತ್ತವೆ, ಬಾಯಿ ಹುಣ್ಣಾಗುತ್ತದೆ, ಗೊರಸಿನ ಮೇಲಂಚು ಕೆಂಪಾಗಿ ಕುಂಟುತ್ತದೆ. ಕೆಲವು ಕುರಿಗಳ ನಾಲಿಗೆ ರಕ್ತ ಸಾಲದೆ ನೀಲಿಗಟ್ಟುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1964ರಲ್ಲಿ, ಮಹಾರಾಷ್ಟ್ರದ ಕುರಿ-ಆಡುಗಳಲ್ಲಿ. ಆಮೇಲೆ ದಕ್ಷಿಣದ ರಾಜ್ಯಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಮುಂಗಾರು ಚೆನ್ನಾಗಿ ಹೊಯ್ದ ವರ್ಷ, ಮಳೆ ಹಿಂದಾಗುವ ತಿಂಗಳುಗಳಲ್ಲಿ ಹೆಚ್ಚು. ಕಾರಣ ಸರಳ: ವೈರಸ್ಸನ್ನು ಒಯ್ಯುವುದು ಕ್ಯುಲಿಕಾಯ್ಡಿಸ್ ಎಂಬ ನುಸಿ. ಒಂದರಿಂದ ಮೂರು ಮಿಲಿಮೀಟರ್ ಉದ್ದದ ಈ ಕೀಟಕ್ಕೆ ಹಸಿ ಸಗಣಿ, ಕೆಸರು ಬೆರೆತ ಗೊಬ್ಬರದ ಅಂಚು ಎಂದರೆ ತವರುಮನೆ. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ಅದು ನುಸುಳುತ್ತದೆ. ಸಂಜೆ ಮತ್ತು ನಸುಕಿನಲ್ಲಿ ಕಚ್ಚುತ್ತದೆ. ಹಿಂಡು ಒಟ್ಟಾಗಿ ಮಲಗುವ ಹೊತ್ತೂ ಅದೇ, ನಾಯಿ ಹಿಂಡಿನ ಅಂಚಿನಲ್ಲಿ ಒರಗುವ ಹೊತ್ತೂ ಅದೇ.

ನಾಯಿಗೆ ಈ ವೈರಸ್ ತಗಲುತ್ತದೆ ಎಂಬುದು ಬೆಳಕಿಗೆ ಬಂದದ್ದು ಒಂದು ಎಡವಟ್ಟಿನಿಂದ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಲಸಿಕೆ ಹಾಕಿಸಿಕೊಂಡ ಕೆಲವು ಗಬ್ಬದ ನಾಯಿಗಳು ಕಂದುಹಾಕಿ, ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತವು. ಹುಡುಕಿದಾಗ ನಾಯಿಗಳ ಆ ಜೀವಂತ ಲಸಿಕೆಯಲ್ಲೇ ನೀಲಿ ನಾಲಿಗೆಯ 11ನೇ ಬಗೆಯ ವೈರಸ್ ಸೇರಿಕೊಂಡಿತ್ತು. ಇಂಥ ಲಸಿಕೆಯ ವೈರಸ್ಸನ್ನು ಬೆಳೆಸುವ ಕೋಶಗಳಿಗೆ ದನದ ಕರುವಿನ ರಕ್ತಸಾರ ಊಟ. ಕಲ್ಮಶ ಬರುವ ಬಾಗಿಲು ಅದು. ಅದೇ ಲಸಿಕೆ ಪಡೆದ, ಗಬ್ಬವಿಲ್ಲದ ನಾಯಿಗಳಿಗೆ ಏನೂ ಆಗಲಿಲ್ಲ. ಈ ವ್ಯತ್ಯಾಸ ಆಮೇಲಿನ ಪ್ರಕರಣಗಳಲ್ಲೂ ಎದ್ದು ಕಂಡಿದೆ: ಸಾಯುವುದು ಗಬ್ಬದ ಹೆಣ್ಣು. ವೈರಸ್ ರಕ್ತನಾಳಗಳ ಒಳಪದರವನ್ನು ಕೆಡಿಸುವುದರಿಂದ, ಗಬ್ಬದಲ್ಲಿ ರಕ್ತಪ್ರಮಾಣ ಏರಿ ಹೃದಯ ಮೊದಲೇ ದುಡಿಯುತ್ತಿರುವ ನಾಯಿ ತಡೆಯಲಾರದು ಎಂಬುದು ಒಪ್ಪುವಂಥ ವಿವರಣೆ.

ಲಸಿಕೆಯ ಪ್ರಕರಣ ಮುಗಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ. ಮೊರಾಕ್ಕೊ ದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಐದು ನಾಯಿಗಳಲ್ಲಿ ಸುಮಾರು ಒಂದರ ರಕ್ತದಲ್ಲಿ ಈ ವೈರಸ್ಸಿನ ಪ್ರತಿಕಾಯ ಸಿಕ್ಕಿತು. ಅವು ಹಸಿ ಮಾಂಸ ತಿಂದ ನಾಯಿಗಳಲ್ಲ. ಹಾಗಾಗಿ ನುಸಿಯೇ ಕಚ್ಚಿ ತಗಲಿಸಿರಬೇಕು ಎಂದು ಸಂಶೋಧಕರು ವಾದಿಸಿದರು. ಬೆಲ್ಜಿಯಂನ ಮೃಗಾಲಯವೊಂದರಲ್ಲಿ ಸತ್ತ ಎರಡು ಲಿಂಕ್ಸ್ ಕಾಡುಬೆಕ್ಕುಗಳ ಕಥೆ ಇದಕ್ಕೆ ತದ್ವಿರುದ್ಧ. ಅವಕ್ಕೆ ರೋಗಪೀಡಿತ ಪ್ರದೇಶದ ಜಾನುವಾರುಗಳ ಮಾಂಸ ಹಾಕಲಾಗಿತ್ತು. ಎಂದರೆ ಕೀಟದ ದಾರಿ, ಬಾಯಿಯ ದಾರಿ ಎರಡೂ ತೆರೆದಿವೆ. 2023ರಿಂದ ಉತ್ತರ ಯೂರೋಪಿನಲ್ಲಿ ನೀಲಿ ನಾಲಿಗೆಯ 3ನೇ ಬಗೆ ಕುರಿಗಳನ್ನು ಸಾಲುಸಾಲಾಗಿ ಕೊಂದಾಗ ನೆದರ್ಲೆಂಡ್ಸ್‌ನಲ್ಲೂ ಬೆಲ್ಜಿಯಂನಲ್ಲೂ ನಾಯಿಗಳಲ್ಲಿ ಅದು ಪತ್ತೆಯಾಯಿತು. ಅಲ್ಲೂ ಗಬ್ಬದ ನಾಯಿಗಳೇ ಹೆಚ್ಚು ನರಳಿದವು.

ಭಾರತದಲ್ಲಿ ಕುರಿಗಳಿಗೆ ದೊರೆಯುವ ನಿಷ್ಕ್ರಿಯ ಲಸಿಕೆಯಲ್ಲಿ ಐದು ಬಗೆಗಳಿವೆ: 1, 2, 10, 16 ಮತ್ತು 23. ನಾಯಿಗೆ ಲಸಿಕೆಯಿಲ್ಲ. ಕುರಿಗೆ ಹಾಕಿಸಿದ ಸೂಜಿಮದ್ದೇ ನಾಯಿಯ ಕಾವಲು.

ದೊಡ್ಡರೋಗದ ದಾಯಾದಿಗಳು

ಹಳಬರು ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್, ಕುರಿ-ಆಡುಗಳ ಹಿರೇಬೇನೆ ಅಥವಾ ಪಿಪಿಆರ್, ನಾಯಿಯ ಡಿಸ್ಟೆಂಪರ್, ಮನುಷ್ಯರ ದಡಾರ, ಈ ನಾಲ್ಕೂ ಮಾರ್ಬಿಲಿವೈರಸ್ ಎಂಬ ಒಂದೇ ಮನೆತನದವು. ಡಿಸ್ಟೆಂಪರ್ ವೈರಸ್ಸಿನಿಂದ ಬರುವುದೆಂದು 1905ರಲ್ಲಿ ತೋರಿಸಿದವನು ಫ್ರಾನ್ಸಿನ ಆನ್ರಿ ಕಾರೆ. ದೊಡ್ಡರೋಗದ ಕುರಿತು ನಮ್ಮಲ್ಲಿ ಕೆಲಸ ಅದಕ್ಕೂ ಹಿಂದೆಯೇ ಸುರುವಾಗಿತ್ತು: 1889ರಲ್ಲಿ ಪುಣೆಯಲ್ಲಿ ಹುಟ್ಟಿ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯ ಅದಕ್ಕಾಗಿಯೇ ಬೆಳೆಯಿತು, ಮುಂದೆ 1925ರಲ್ಲಿ ಮೈಸೂರು ಸರ್ಕಾರ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ತೆರೆಯಿತು.

ನಾಯಿಗೆ ದೊಡ್ಡರೋಗದ ವೈರಸ್ ಹೊಕ್ಕರೆ ಕಾಯಿಲೆ ಬೀಳುವುದಿಲ್ಲ, ಪ್ರತಿಕಾಯ ಮಾತ್ರ ಹುಟ್ಟುತ್ತದೆ. ಸ್ವಾರಸ್ಯವೆಂದರೆ ಆ ಪ್ರತಿಕಾಯ ಡಿಸ್ಟೆಂಪರಿಗೂ ಅಡ್ಡ ನಿಲ್ಲುತ್ತದೆ ಎಂದು 1950ರ ದಶಕದ ಪ್ರಯೋಗಗಳು ತೋರಿಸಿದವು. ಇದೇ ನೆಂಟಸ್ತನವನ್ನು ಬಳಸಿ, ತಾಯಿಹಾಲಿನ ರಕ್ಷಣೆ ಇನ್ನೂ ಆರದ ನಾಯಿಮರಿಗಳಿಗೆ ದಡಾರದ ಲಸಿಕೆ ಕೊಟ್ಟು ಡಿಸ್ಟೆಂಪರಿನಿಂದ ಕಾಯ್ದದ್ದೂ ಉಂಟು. ಹಾಗಿದ್ದರೆ ದೊಡ್ಡರೋಗದಿಂದ ಸತ್ತ ಎತ್ತಿನ ಮಾಂಸ ತಿಂದ ಹಳೆಗಾಲದ ನಾಯಿಗಳು ತಿಳಿಯದೆಯೇ ಡಿಸ್ಟೆಂಪರಿನಿಂದ ಪಾರಾಗುತ್ತಿದ್ದವೆ? ಊಹೆಗೆ ಮಾತ್ರ ಉಳಿದ ಪ್ರಶ್ನೆ, ಏಕೆಂದರೆ 2006ರಲ್ಲಿ ಭಾರತ ದೊಡ್ಡರೋಗದಿಂದ ಮುಕ್ತವಾಯಿತು, 2011ರಲ್ಲಿ ಇಡೀ ಜಗತ್ತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿದ ಎರಡನೆಯ ರೋಗ ಅದು.

ಹಿರೇಬೇನೆ ಇನ್ನೂ ಇದೆ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಅದಕ್ಕೆ ಮೊದಲು ಎಷ್ಟೋ ವರ್ಷ ಅದು ದೊಡ್ಡರೋಗದ ಹೆಸರಿನಲ್ಲೇ ಅಡಗಿತ್ತೆಂದು ತಿಳಿದವರ ಅಭಿಪ್ರಾಯ. ಮಾಂಸಾಹಾರಿಗೆ ಇದು ದಾಟಬಲ್ಲದು ಎಂಬುದಕ್ಕೆ ಸಾಕ್ಷಿ ಗುಜರಾತಿನಿಂದ ಬಂತು. ಅಲ್ಲಿ ಸತ್ತ ಏಷ್ಯಾದ ಸಿಂಹವೊಂದರ ಅಂಗಾಂಶದಲ್ಲಿ ಪಿಪಿಆರ್ ವೈರಸ್ ಇದ್ದದ್ದನ್ನು 2012ರಲ್ಲಿ ಪ್ರಕಟಿಸಲಾಯಿತು. ಸಿಂಹಕ್ಕೆ ಅದು ಕುರಿಯೋ ಆಡೋ ತಿಂದು ಬಂದಿರಬೇಕು. ನಾಯಿಯ ಮಟ್ಟಿಗೆ ಇದು ಕಾಯಿಲೆಯಾಗಿ ಕಾಡುವ ವೈರಸ್ಸಲ್ಲ. ಆದರೆ ಈ ನೆಂಟಸ್ತನ ಪ್ರಯೋಗಾಲಯದ ಲೆಕ್ಕವನ್ನು ತಪ್ಪಿಸಬಲ್ಲದು: ಡಿಸ್ಟೆಂಪರ್ ಲಸಿಕೆ ಪಡೆದ ನಾಯಿಯ ರಕ್ತ ಕೆಲವು ಪರೀಕ್ಷೆಗಳಲ್ಲಿ ದಾಯಾದಿ ವೈರಸ್ಸಿಗೂ ಹೌದು ಎಂದುಬಿಡುತ್ತದೆ.

ಕುದುರೆ, ಕೋಳಿ, ಹಂದಿ

ದಾಟಿದ ವೈರಸ್ ನೆಲೆಯೂರುವುದು ಹೇಗೆ ಎಂಬುದಕ್ಕೆ ಪಾಠದಂತಿರುವ ಪ್ರಕರಣ 2004ರ ಜನವರಿಯದು. ಅಮೆರಿಕದ ಫ್ಲಾರಿಡಾದ ಓಟದ ಮೈದಾನವೊಂದರಲ್ಲಿ 22 ಗ್ರೇಹೌಂಡ್ ನಾಯಿಗಳು ಕೆಮ್ಮಿ ಮಲಗಿದವು, ಎಂಟು ಸತ್ತವು. ಶ್ವಾಸಕೋಶದಲ್ಲಿ ಸಿಕ್ಕಿದ್ದು ಕುದುರೆಯ ಫ್ಲೂ, ಎಚ್3ಎನ್8. ಕುದುರೆಯ ಸಂಪರ್ಕ ಒಮ್ಮೆ ಮಾತ್ರ ಬೇಕಾಗಿತ್ತು. ಆಮೇಲೆ ವೈರಸ್ ನಾಯಿಯಿಂದ ನಾಯಿಗೆ ಊರೂರು ಸುತ್ತಿತು. ಗ್ರೇಹೌಂಡ್ ಮುಧೋಳ ನಾಯಿಯಂತೆಯೇ ಕಣ್ಣಿನ ಬೇಟೆ ನಾಯಿ, ಆದರೆ ಅದು ಬಲಿಯಾದದ್ದು ತಳಿಯ ಗುಣದಿಂದಲ್ಲ. ನೂರಾರು ನಾಯಿಗಳನ್ನು ಒಂದೇ ಸೂರಿನಡಿ ಕಟ್ಟಿ, ವಾರವಾರ ಊರು ಬದಲಿಸಿದ್ದೇ ವೈರಸ್ಸಿಗೆ ಗದ್ದೆ ಹದ ಮಾಡಿಕೊಟ್ಟಿತು. ನಾಯಿ ಪ್ರದರ್ಶನಗಳೂ ಮರಿ ವ್ಯಾಪಾರವೂ ಏರುತ್ತಿರುವ ಮುಧೋಳ ಈ ಮಾತನ್ನು ನೆನಪಿಡಬೇಕು. ಕುದುರೆ ಫ್ಲೂ ನಮಗೆ ದೂರದ್ದೂ ಅಲ್ಲ: 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಎದ್ದದ್ದು ದೇಶದ ಹಲವು ರಾಜ್ಯಗಳಿಗೆ ಹಬ್ಬಿತ್ತು.

ಕೋಳಿಯ ಕಡೆಯಿಂದ ಬಂದದ್ದು ಎಚ್3ಎನ್2 ಫ್ಲೂ. ದಕ್ಷಿಣ ಕೊರಿಯಾದಲ್ಲಿ 2007ರ ಸುಮಾರಿಗೆ ನಾಯಿಗಳಲ್ಲಿ ಕಾಣಿಸಿಕೊಂಡು, 2015ರಲ್ಲಿ ಶಿಕಾಗೊ ನಗರಕ್ಕೆ ಇಳಿಯಿತು. ಹಸಿ ಕೋಳಿಮಾಂಸ ತಿನ್ನಿಸಿದ್ದರಿಂದ ಬಂದಿರಬಹುದೆಂಬ ಗುಮಾನಿ ಇದೆ. ಭಯಂಕರ ಹೆಸರಿನ ಎಚ್5ಎನ್1 ಹಕ್ಕಿಜ್ವರ ನಾಯಿಯಲ್ಲಿ ಇನ್ನೂ ನೆಲೆಯೂರಿಲ್ಲ. 2004ರಲ್ಲಿ ಥಾಯ್ಲೆಂಡಿನ ಸುಫನ್ ಬುರಿಯಲ್ಲಿ ಸತ್ತ ಬಾತುಕೋಳಿ ತಿಂದ ನಾಯಿಯೊಂದು ಸತ್ತಿತು. 2023ರಲ್ಲಿ ಕೆನಡಾದ ಓಶಾವಾದಲ್ಲಿ ಕಾಡು ಹೆಬ್ಬಾತನ್ನು ಕಡಿದ ನಾಯಿ ಸತ್ತಿತು. ಎರಡೂ ಅಲ್ಲಿಗೇ ಮುಗಿದವು. ಕರ್ನಾಟಕದಲ್ಲಿ ಈ ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯಲ್ಲಿ ಎದ್ದಿತ್ತು. ಹೊಸ ಚಿಂತೆ ಹಾಲಿನದು. 2024ರ ಮಾರ್ಚಿನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲೇ ಎಚ್5ಎನ್1 ಪತ್ತೆಯಾಯಿತು, ಟೆಕ್ಸಸ್ಸಿನ ಕೊಟ್ಟಿಗೆಯೊಂದರಲ್ಲಿ ಆ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹಾಲು ಕುಡಿಸಿಯೇ ನಾಯಿಮರಿಗಳನ್ನು ಬೆಳೆಸುವ ನಮ್ಮ ಊರುಗಳಿಗೆ ಇದರಿಂದ ತಿಳಿಯುವುದು ಇಷ್ಟೇ: ಕಾಯಿಸಿ ಆರಿಸಿದ ಹಾಲು ಕೊಡಿ.

ಆಫ್ರಿಕಾದ ಕುದುರೆ ರೋಗ ಇನ್ನೊಂದು ಬಗೆ. ಸತ್ತ ಕುದುರೆಯ ಹಸಿ ಮಾಂಸ ತಿಂದ ನಾಯಿಗಳು ಅದರಿಂದ ಸಾಯುತ್ತವೆ ಎಂಬುದು ದಕ್ಷಿಣ ಆಫ್ರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಗೊತ್ತಾಗಿತ್ತು. 1960ರಲ್ಲಿ ಅದು ಭಾರತದವರೆಗೂ ಬಂದು ಹೋಯಿತು. ನೀಲಿ ನಾಲಿಗೆಯ ವೈರಸ್ ಇದರ ಹತ್ತಿರದ ಬಂಧು, ಅದೇ ನುಸಿ ಎರಡನ್ನೂ ಒಯ್ಯುತ್ತದೆ.

ಹಂದಿಯ ಕಡೆಯದು ಆಯೆಸ್ಕಿ ರೋಗ. ಹಂಗೆರಿಯ ಅಲಾದಾರ್ ಆಯೆಸ್ಕಿ 1902ರಲ್ಲಿ ಇದನ್ನು ಬೇರ್ಪಡಿಸಿದ್ದು ಒಂದು ಎತ್ತು, ಒಂದು ನಾಯಿ, ಒಂದು ಬೆಕ್ಕಿನಿಂದ. ವೈರಸ್ಸಿನ ನಿಜವಾದ ಮನೆ ಹಂದಿ. ಹಸಿ ಹಂದಿಮಾಂಸ ತಿಂದ ನಾಯಿಗೆ ಮುಖ ಕೆರೆತ ಹತ್ತುತ್ತದೆ, ಚರ್ಮ ಕಿತ್ತುಬರುವಂತೆ ಉಜ್ಜಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ, ಒಂದೆರಡು ದಿನದಲ್ಲಿ ಸಾಯುತ್ತದೆ. ನೋಡಿದವರು ಹುಚ್ಚು ಎಂದುಕೊಳ್ಳುತ್ತಾರೆ; ಹುಸಿರೇಬಿಸ್ ಎಂಬ ಹೆಸರೂ ಹಾಗೆ ಬಂದದ್ದು. ಆದರೆ ನಮ್ಮ ಸೀಮೆಯಲ್ಲಿ ಜೊಲ್ಲು ಸುರಿಸುವ ನಾಯಿ ಕಂಡರೆ ಮೊದಲು ರೇಬಿಸ್ ಎಂದೇ ಎಣಿಸಿ ದೂರ ನಿಲ್ಲಬೇಕು. ಉಳಿದ ಜಾಣತನ ಪ್ರಯೋಗಾಲಯಕ್ಕೆ ಬಿಟ್ಟದ್ದು.

ನೆಲೆಯೂರಿದ ಇನ್ನೊಂದು

ನಾಯಿಗಳ ಕೆಮ್ಮಿಗೆ ಕಾರಣವಾಗುವ ಒಂದು ಕೊರೋನಾವೈರಸ್ಸನ್ನು 2003ರಲ್ಲಿ ಬ್ರಿಟನ್ನಿನ ನಾಯಿ ಆಶ್ರಯಧಾಮದಲ್ಲಿ ಕಂಡುಹಿಡಿಯಲಾಯಿತು. ಅದು ನಾಯಿಗಳಲ್ಲಿ ಮೊದಲೇ ಗೊತ್ತಿದ್ದ ಭೇದಿಯ ಕೊರೋನಾವೈರಸ್ಸಿನ ಬಂಧುವಲ್ಲ, ದನದ ಕೊರೋನಾವೈರಸ್ಸಿನ ತೀರ ಹತ್ತಿರದ ಬಂಧು. ಕರುಗಳಿಗೆ ಭೇದಿ ತರುವ ವೈರಸ್ಸಿನ ಕವಲೊಂದು ಯಾವುದೋ ಕೊಟ್ಟಿಗೆಯಲ್ಲಿ ಎಂದೋ ನಾಯಿಗೆ ದಾಟಿ ಉಳಿದಿದೆ. ಮನುಷ್ಯರಿಗೆ ನೆಗಡಿ ತರುವ ಒಂದು ಕೊರೋನಾವೈರಸ್ ಕೂಡ ಇದೇ ದನದ ಬಳ್ಳಿಯ ಕುಡಿ ಎಂಬುದನ್ನು ಸೇರಿಸಿದರೆ, ಹಸು ಸಾಕಿದ್ದಕ್ಕೆ ನಾವೂ ನಾಯಿಯೂ ಒಂದೇ ಬಗೆಯ ಬಾಡಿಗೆ ಕೊಟ್ಟಂತಾಗಿದೆ.

ಮುಧೋಳದ ಮರಿಗಳನ್ನು ನಿಜವಾಗಿ ಗುಡಿಸಿಹಾಕುವ ಪಾರ್ವೊ ರೋಗವನ್ನು ಇದರೊಂದಿಗೆ ಬೆರೆಸಬಾರದು. 1978ರಲ್ಲಿ ಏಕಾಏಕಿ ಜಗತ್ತಿನಲ್ಲೆಲ್ಲ ಕಾಣಿಸಿಕೊಂಡ ಆ ವೈರಸ್ ಬೆಕ್ಕಿನ ವೈರಸ್ಸಿನ ಬಳಗದಿಂದ ಹುಟ್ಟಿದ್ದು, ಜಾನುವಾರಿನಿಂದಲ್ಲ.

ಕಾಲುಬಾಯಿ ಬೇನೆ: ಹೊರುವ ನಾಯಿ

ಕಾಲುಬಾಯಿ ಬೇನೆಯ ಏಳು ಬಗೆಗಳಲ್ಲಿ ಭಾರತದಲ್ಲಿ ಓಡಾಡುವುದು ಒ, ಎ, ಏಷ್ಯಾ-1. 2013ರಲ್ಲಿ ಅದು ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. 2019ರ ಸೆಪ್ಟೆಂಬರಿನಲ್ಲಿ ಸುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈಗ ದನಗಳಿಗೆ ವರ್ಷಕ್ಕೆ ಎರಡು ಸುತ್ತು ಲಸಿಕೆ ಹಾಕಲಾಗುತ್ತದೆ. ಸೀಳುಗೊರಸಿನ ಪ್ರಾಣಿಗಳ ರೋಗ ಇದು. ನಾಯಿ ಇಲ್ಲಿ ರೋಗಿಯಲ್ಲ, ಹಮಾಲ. ಸತ್ತ ಪ್ರಾಣಿಯ ಮಾಂಸ ಸೆಟೆದುಕೊಂಡಾಗ ಹುಳಿ ಹೆಚ್ಚಿ ಅದರಲ್ಲಿನ ವೈರಸ್ ಅಳಿಯುತ್ತದೆ, ಆದರೆ ಎಲುಬಿನ ಮಜ್ಜೆಯಲ್ಲಿ, ಹಾಲ್ರಸ ಗಂಟುಗಳಲ್ಲಿ ಆ ಹುಳಿ ಹುಟ್ಟುವುದಿಲ್ಲ. ನಾಯಿ ಬಾಯಲ್ಲಿ ಕಚ್ಚಿಕೊಂಡು ಓಡುವುದು ಅದೇ ಎಲುಬನ್ನು. ಒಂದು ಹೊಲದ ಬದುವಿನಲ್ಲಿ ಬಿದ್ದದ್ದು ಬೆಳಗಾಗುವಷ್ಟರಲ್ಲಿ ಇನ್ನೊಂದು ಹೊಲದ ಕೊಟ್ಟಿಗೆ ಮುಂದೆ ಇರುತ್ತದೆ.

ಎದುರು ದಿಕ್ಕು

ನಾಯಿಯಿಂದ ಜಾನುವಾರಿಗೆ ಹೋಗುವ ರೋಗಗಳ ಮುಂದೆ ಇದುವರೆಗೆ ಹೇಳಿದ್ದೆಲ್ಲ ಚಿಕ್ಕದು. ರೇಬಿಸ್ ನಾಯಿಯ ಕಡಿತದಿಂದ ಎತ್ತು, ಎಮ್ಮೆ, ಕುರಿಗಳಿಗೆ ಬರುತ್ತದೆ. ಗಂಟಲು ಕಟ್ಟಿ ಒರಲುವ ಎಮ್ಮೆಯ ಬಾಯಿಗೆ ಏನೋ ಸಿಕ್ಕಿಕೊಂಡಿದೆ ಎಂದು ಕೈ ಹಾಕಿ ನೋಡುವ ರೈತ ತನ್ನ ಜೀವವನ್ನೇ ಒತ್ತೆ ಇಡುತ್ತಾನೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬಿಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದದ್ದು. ಸತ್ತ ಪ್ರಾಣಿಯ ಮೆದುಳು ಪರೀಕ್ಷೆಗೆ ಹೋಗಬೇಕಾದದ್ದು ಇಂಥಲ್ಲಿಗೆ. ರೇಬಿಸ್‌ನಿಂದ ಸತ್ತ ದನದ ತಲೆಯನ್ನು ನಾಯಿ ಕಡಿಯಲು ಬಿಟ್ಟರೆ ಚಕ್ರ ತಿರುಗಿ ಬರಬಹುದು.

ವೈರಸ್ ಅಲ್ಲದಿದ್ದರೂ ತಲೆತಿರುಗು ರೋಗದ ಮಾತು ಇಲ್ಲಿ ಸಲ್ಲುತ್ತದೆ. ಕುರಿ ಒಂದೇ ಕಡೆ ಗಿರಗಿರ ಸುತ್ತಿ ಬೀಳುತ್ತದೆ, ಅದರ ಮೆದುಳಿನಲ್ಲಿ ನೀರುಗುಳ್ಳೆ. ಆ ತಲೆಯನ್ನು ನಾಯಿಗೆ ಹಾಕಿದರೆ ನಾಯಿಯ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ, ಅದರ ಮೊಟ್ಟೆ ಹುಲ್ಲಿಗೆ ಬಿದ್ದು ಮತ್ತೆ ಕುರಿಯ ಹೊಟ್ಟೆ ಸೇರುತ್ತದೆ. ಕುರಿಗಾರರಿಗೆ ಈ ರೋಗ ಚಿರಪರಿಚಿತ.

ಹಟ್ಟಿಯಲ್ಲಿ ಮಾಡಬೇಕಾದದ್ದು

ಕಳೇಬರವನ್ನು ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಎಲ್ಲ ಕೈಪಿಡಿಗಳಲ್ಲೂ ಇದೆ. ಊರೂರು ಅಲೆಯುವ ಕುರಿಗಾರನಿಗೆ ಅದು ಸುಲಭವಲ್ಲ: ಹೊಲ ಅವನದಲ್ಲ, ಕಪ್ಪುನೆಲ ಬೇಸಿಗೆಯಲ್ಲಿ ಕಲ್ಲಾಗಿರುತ್ತದೆ, ಹಿಂಡು ನಾಳೆ ಮುಂದಿನ ಊರಿಗೆ ಹೊರಡಬೇಕು. ಕುರಿ ಸತ್ತರೆ ಪರಿಹಾರ ಕೊಡುವ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಡಿ ಪಶುವೈದ್ಯರು ಬಂದು ಶವಪರೀಕ್ಷೆ ಮಾಡಬೇಕು. ಈ ಪರಿಹಾರ ಕುರಿಗಾರನಿಗೆ ದೊಡ್ಡ ಆಸರೆ, ರೋಗ ಯಾವುದೆಂದು ತಿಳಿಯಲು ಒಳ್ಳೆಯ ಅವಕಾಶವೂ ಹೌದು. ಒಂದು ಮಾತ್ರ: ಹೊಟ್ಟೆ ಸೀಳಿದ ಕಳೇಬರ ಹಾಗೇ ಉಳಿದರೆ, ಸೀಳದೆ ಬಿದ್ದದ್ದಕ್ಕಿಂತ ನಾಯಿಗೆ ಅದು ಸುಲಭದ ಊಟ. ಪರೀಕ್ಷೆಯ ಚೀಟಿಗೆ ಸಹಿ ಬೀಳುವ ಮುನ್ನ ಗುಂಡಿ ಮುಚ್ಚಿರಬೇಕೆಂಬ ನಿಯಮವೊಂದಿದ್ದರೆ ಮೇಲೆ ಹೇಳಿದ ರೋಗಗಳಲ್ಲಿ ಅರ್ಧಕ್ಕೆ ಬಾಗಿಲು ಹಾಕಿದಂತೆ.

ಉಳಿದವು ಚಿಕ್ಕ ಕೆಲಸ. ಕುರಿ ಈದಾಗ ಮಾಸನ್ನು ನಾಯಿಗೆ ಎಸೆಯದೆ ಹೂಳುವುದು. ಕರುಳು, ಗುಲ್ಮ, ತಲೆಯನ್ನು ಕುದಿಸದೆ ಹಾಕದಿರುವುದು. ಮಳೆ ಹಿಂದಾದ ತಿಂಗಳುಗಳಲ್ಲಿ ಗಬ್ಬದ ಹೆಣ್ಣುನಾಯಿಯನ್ನು ಹಿಂಡಿನ ಬಳಿ ಮಲಗಿಸದಿರುವುದು. ಹಿಂಡಿನ ನಾಯಿಗೂ ರೇಬಿಸ್, ಡಿಸ್ಟೆಂಪರ್, ಪಾರ್ವೊ ಲಸಿಕೆ ಹಾಕಿಸುವುದು. ಕೊನೆಯದನ್ನು ಮಾಡುವವರು ಕಡಿಮೆ. ಮಾರುವ ನಾಯಿಗೆ ಸೂಜಿಮದ್ದು, ಕಾಯುವ ನಾಯಿಗೆ ದೇವರೇ ಗತಿ ಎಂಬಂತಿದೆ.

ನಾಯಿಯ ರಕ್ತದ ಸಾಕ್ಷ್ಯ

ಆಫ್ರಿಕದ ಕಾಡುಗಳಲ್ಲಿ 1990ರ ದಶಕದಲ್ಲಿ ಮಾಂಸಾಹಾರಿಗಳ ರಕ್ತ ಪರೀಕ್ಷಿಸಿದವರಿಗೆ ನೀಲಿ ನಾಲಿಗೆಯ ಪ್ರತಿಕಾಯ ಸಿಕ್ಕಿದ್ದು ಗೊರಸಿನ ದೊಡ್ಡ ಪ್ರಾಣಿಗಳನ್ನು ತಿಂದು ಬದುಕುವವುಗಳಲ್ಲಿ. ಹಾಗೆ ತಿನ್ನದ ಸಣ್ಣ ಮಾಂಸಾಹಾರಿಗಳಲ್ಲಿ ಸಿಗಲಿಲ್ಲ. ಒಂದು ಹಿಂಡಿನಲ್ಲಿ ಏನೇನು ರೋಗ ಸುಳಿದಿದೆ ಎಂದು ತಿಳಿಯಲು ಇನ್ನೂರು ಕುರಿಗಳ ಬದಲು ಎರಡು ನಾಯಿಗಳ ರಕ್ತ ತೆಗೆದರೂ ಸುಳಿವು ಸಿಗುತ್ತದೆ ಎಂಬ ಯೋಚನೆ ಇದರಿಂದ ಹುಟ್ಟಿತು. ಪರೀಕ್ಷೆ ಆರಿಸುವಾಗ ಎಚ್ಚರ ಬೇಕು. ಕುರಿಯ ಪ್ರತಿಕಾಯವನ್ನು ಮಾತ್ರ ಹಿಡಿಯುವ ಎಲೈಸಾ ಕಿಟ್ ನಾಯಿಯ ರಕ್ತದಲ್ಲಿ ಏನನ್ನೂ ತೋರಿಸದು. ಯಾವ ಪ್ರಾಣಿಯ ರಕ್ತಕ್ಕೂ ಒಗ್ಗುವ ಸ್ಪರ್ಧಾತ್ಮಕ ಎಲೈಸಾ ಆಗಬೇಕು. ವೈರಸ್ಸನ್ನೇ ಹುಡುಕುವುದಾದರೆ ಹೆಪ್ಪುಗಟ್ಟದಂತೆ ಇಡಿಟಿಎ ನಳಿಕೆಯಲ್ಲಿ ತೆಗೆದ ರಕ್ತವನ್ನು ತಣ್ಣಗಿಟ್ಟು, ಆದರೆ ಮಂಜುಗಟ್ಟಿಸದೆ, ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.

ಬನಹಟ್ಟಿ-ಮುಧೋಳ ಸೀಮೆಗೆ ಇಂಥ ಪರೀಕ್ಷೆಯಲ್ಲಿ ಬೇರೆಡೆ ಇಲ್ಲದ ಅನುಕೂಲವೊಂದಿದೆ. ಒಂದೇ ಊರಿನಲ್ಲಿ, ಒಂದೇ ಮಳೆಗಾಲದಲ್ಲಿ, ಎರಡು ಬಗೆಯ ನಾಯಿಗಳು ಸಿಗುತ್ತವೆ. ಹಿಂಡಿನ ನಾಯಿಯಲ್ಲಿ ಮಾತ್ರ ಪ್ರತಿಕಾಯ ಕಂಡರೆ ವೈರಸ್ ಬಂದದ್ದು ಬಾಯಿಂದ ಎಂಬ ಗುಮಾನಿ ಬಲವಾಗುತ್ತದೆ. ಅಂಗಳದಲ್ಲಿ ಕಟ್ಟಿಸಿಕೊಂಡು ನುಚ್ಚು-ಹಾಲಿನಲ್ಲೇ ಬೆಳೆದ ಮುಧೋಳ ನಾಯಿಯ ರಕ್ತದಲ್ಲೂ ಅದು ಇದ್ದರೆ, ಹುಡುಕಬೇಕಾದದ್ದು ಹೊಲದ ಕಳೇಬರವನ್ನಲ್ಲ, ಮನೆ ಹಿಂದಿನ ತಿಪ್ಪೆಯ ಹಸಿ ಅಂಚಿನಲ್ಲಿ ಏಳುವ ನುಸಿಯನ್ನು.